ಇಂಗ್ಲಿಷಲ್ಲಿ ಸ್ಲೋಲಿ, ಆಲ್ವೇಸ್ ಥರದ ಪದಗಳನ್ನ ವಾಕ್ಯದಲ್ಲಿ ಎಲ್ಲಿ ಹಾಕ್ಬೇಕು?

ಇಂಥದ್ದೇ ಜಾಗ ಅಂತ ಒಂದಿಲ್ಲ, ಆದ್ರೆ ಕ್ರಿಯಾಪದಕ್ಕೂ ಅದರ ಕರ್ಮಕ್ಕೂ ಮಧ್ಯೆ ಮಾತ್ರ ತುರುಕಬೇಡಿ. ‘ಐ ಡ್ರಿಂಕ್ ಸ್ಲೋಲಿ ಕಾಫಿ’ ತಪ್ಪು, ‘ಐ ಡ್ರಿಂಕ್ ಕಾಫಿ ಸ್ಲೋಲಿ’ ಸರಿ. ನಮ್ಮಲ್ಲಿ ‘ಕಾಫೀನ’ ಅಂದಾಗ ಆ ‘ನ’ನೇ ಕುಡಿದಿದ್ದು ಏನು ಅಂತ ಹೇಳ್ಬಿಡುತ್ತೆ, ಅದಕ್ಕೇ ಪದಗಳನ್ನ ಆಚೆ ಈಚೆ ಮಾಡಿದ್ರೂ ನಡೆಯುತ್ತೆ, ಇಂಗ್ಲಿಷಲ್ಲಿ ಆ ಥರ ಪ್ರತ್ಯಯ ಇಲ್ವಲ್ಲ, ಜಾಗ ನೋಡೇ ಅರ್ಥ ಮಾಡ್ಕೋಬೇಕು, ಹಾಗಾಗಿ ಕ್ರಿಯಾಪದ, ಕರ್ಮ ಎರಡೂ ಅಂಟ್ಕೊಂಡೇ ಇರುತ್ವೆ.

ಆಲ್ವೇಸ್, ಆಫನ್, ನೆವರ್ ಸಾಮಾನ್ಯವಾಗಿ ಕ್ರಿಯಾಪದಕ್ಕೆ ಮುಂಚೆ: ‘ಶಿ ಆಲ್ವೇಸ್ ಕಮ್ಸ್ ಲೇಟ್’. ಈಸ್, ಆರ್ ಇದ್ರೆ ಅದಾದ್ಮೇಲೆ: ‘ಶಿ ಈಸ್ ಆಲ್ವೇಸ್ ಲೇಟ್’. ನಾವು ‘ಬೆಳಗ್ಗೇನೇ ಹೇಳ್ದೆ’ ಅನ್ನೋದನ್ನ ‘ಮಾರ್ನಿಂಗ್ ಓನ್ಲಿ ಐ ಟೋಲ್ಡ್’ ಅಂತೀವಲ್ಲ, ಅದು ಪಕ್ಕಾ ಕನ್ನಡದ ‘ಏ’, ಇಂಗ್ಲಿಷ್ ವೇಷದಲ್ಲಿ.