ಹಡಗು ಹತ್ತೋದು, ಉಣ್ಣೋದು, ದಡಕ್ಕ ಇಳಿಯೋದು: ಹುಮನಾಬಾದ್ ಅಕ್ಕಾರ ಪ್ರಶ್ನೆಗೆ ಉತ್ತರ

ಅಕ್ಕಾರ, ನಮಸ್ಕಾರ್ರಿ. ಡಿಸೆಂಬರ್‌ದಾಗ ಮುಂಬೈ–ಗೋವಾ–ಲಕ್ಷದ್ವೀಪ ಹಡಗು ಬುಕ್ ಮಾಡೀರಿ. ಜೊತಿಗೆ ಅತ್ತಿ-ಮಾವ, ಎರಡು ಮಕ್ಕಳು. ಮಾವನೋರಿಗೆ ಶುಗರ್, ಅತ್ತಿಯೋರಿಗೆ ಮೊಣಕಾಲು ನೋವು, ಎಲ್ಲಾರೂ ಶುದ್ಧ ಶಾಕಾಹಾರ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಬಹುದೇನು, ದ್ವೀಪದಾಗ ಇಳೀಲಿಕ್ಕೆ ಅತ್ತಿಯೋರಿಗೆ ಆಗ್ತದೇನು ಅಂತ ಕೇಳೀರಿ.

ರೊಟ್ಟಿದು ಮೊದಲ ಹೇಳಿಬಿಡ್ತೀನಿ. ಮನ್ಯಾಗ ಮಾಡಿ ಅರಿವ್ಯಾಗ ಸುತ್ತಿದ ರೊಟ್ಟಿ, ಡಬ್ಬಿಯೊಳಗಿನ ಹಿಂಡಿ, ಎಣ್ಣಿ ಉಪ್ಪಿನಕಾಯಿ ಇವನ್ನ ಬಹಳಷ್ಟು ಕಂಪನಿಯೋರು ಬಿಡೋದಿಲ್ಲ, ಎಕ್ಸ್‌ರೇದಾಗ ಸಿಕ್ಕರ ಅಲ್ಲೇ ಇಟ್ಕೊಂಬಿಡ್ತಾರ. ಹಡಗಿನ್ಯಾಗ ಹೊಟ್ಟಿ ಜಡ್ಡು ಒಬ್ಬರಿಂದ ಒಬ್ಬರಿಗೆ ಹರಡೋದು ಜಲ್ದಿ, ಅದಕ್ಕ ಆ ಕಟ್ಟುನಿಟ್ಟು. ಅಂಗಡಿಯಾಗ ಸೀಲ್ ಮಾಡಿದ, ತಾರೀಖು ಹಚ್ಚಿದ ಪ್ಯಾಕೆಟ್ ಇದ್ರ ಸಾಮಾನ್ಯ ಬಿಡ್ತಾರ. ಕೂಸಿನ ಆಹಾರಕ್ಕೂ ತಕರಾರು ಇಲ್ಲ. ಕಂಪನಿಗೆ ಮೇಲ್ ಹಾಕಿ ಕೇಳ್ರಿ, ಬಂದ ಉತ್ತರ ಮೊಬೈಲ್‌ದಾಗ ಇಟ್ಕೊಳ್ರಿ. ಫೋನಿನ್ಯಾಗ ಯಾರೋ ಹೂಂ ಅಂದಿದ್ದು ಗೇಟಿನ್ಯಾಗ ನಡೆಯೋದಿಲ್ಲ. ಮನಿ ರೊಟ್ಟಿ ರೈಲಿನ ಊಟಕ್ಕ ಆಗ್ತದ, ಅಷ್ಟೇ ಕಟ್ಕೊಳ್ರಿ.

ಹಡಗು ಬಿಡೋ ದಿನಾನೇ ಮುಂಬೈ ಮುಟ್ಟೋ ಲೆಕ್ಕ ಹಾಕಬ್ಯಾಡ್ರಿ. ಟಿಕೀಟಿನ್ಯಾಗ ಎರಡು ಟೈಮ್ ಇರ್ತಾವ: ಚೆಕ್-ಇನ್ ಮುಗಿಯೋದು ಒಂದು, ಹಡಗು ಬಿಡೋದು ಒಂದು. ನಮ್ಮ ಮಂದಿ ಎರಡನೇದನ್ನ ನೋಡ್ತಾರ, ತಪ್ಪು ಅಲ್ಲೇ ಆಗ್ತದ. ಯಾರ್ಯಾರು ಹತ್ಯಾರ ಅಂಬೋ ಪಟ್ಟಿ ಹಡಗು ಬಿಡೋಕಿಂತ ಮೊದಲ ಬಂದರಿನೋರ ಕೈಗೆ ಹೋಗಬೇಕು. ಹಂಗಾಗಿ ಬಿಡೋ ಟೈಮಿಗಿಂತ ಭಾಳ ಮುಂಚೆ ಬಾಗಿಲಾ ಹಾಕ್ತಾರ. ಉದ್ಯಾನ್ ಎಕ್ಸ್‌ಪ್ರೆಸ್ ಬೆಳಿಗ್ಗಿ ಕಲಬುರಗಿ ಬಿಟ್ಟು ಸಂಜಿಗೆ ಮುಂಬೈದ ಸಿಎಸ್‌ಎಂಟಿ ಸ್ಟೇಷನ್ ಮುಟ್ತದ. ಹಿಂದಿನ ದಿನ ಅದರಾಗ ಹೋಗಿ ಒಂದು ರಾತ್ರಿ ಫೋರ್ಟ್ ಕಡೆ ಲಾಡ್ಜ್ ಮಾಡಿದ್ರ ಮುಗೀತು. ಯಾದಗಿರಿ ಕಡಿಯೋರಿಗೂ ಅದೇ ಗಾಡಿ ಅನುಕೂಲ. ಬೀದರದಿಂದ ಲಾತೂರ್ ಮ್ಯಾಲ ಹೋಗೋ ಮುಂಬೈ ಗಾಡಿ ದಿನಾ ಇರೋದಿಲ್ಲ, ವಾರ ನೋಡಿ ಮಾಡಿಸ್ರಿ. ಹಡಗಿನ ಟರ್ಮಿನಲ್ ಇರೋದು ಬಲ್ಲಾರ್ಡ್ ಪಿಯರ್‌ದಾಗ, ಗ್ರೀನ್ ಗೇಟ್ ಅಂತ ಹೇಳ್ರಿ. ಸಿಎಸ್‌ಎಂಟಿಯಿಂದ ಸಮೀಪನೇ ಅದ. ಬರೇ “ಬೋಟ್” ಅಂದ್ರ ಟ್ಯಾಕ್ಸಿಯಾಂವ ಗೇಟ್‌ವೇ ಆಫ್ ಇಂಡಿಯಾಕ್ಕ ಒಯ್ದು ಬಿಡ್ತಾನ. ಆ ಭಾಗದಾಗ ಆಟೋ ಓಡೋದಿಲ್ಲ, ಕಾಳಿ-ಪೀಳಿ ಟ್ಯಾಕ್ಸಿನೇ. ಐದು ಮಂದಿ ಲಗೇಜ್ ಸಮೇತ ಒಂದ್ರಾಗ ಹಿಡಿಯಂಗಿಲ್ಲ, ಎರಡು ಮಾಡ್ರಿ.

ಕಾಗದ-ಪತ್ರ: ವೆಬ್ ಚೆಕ್-ಇನ್ ಮನ್ಯಾಗೇ ಮುಗಿಸ್ರಿ, ಬೋರ್ಡಿಂಗ್ ಪಾಸ್ ಪ್ರಿಂಟ್ ತೆಗೀರಿ. ಎಲ್ಲಾರದೂ ಅಸಲಿ ಗುರುತಿನ ಚೀಟಿ ಬೇಕು, ಜೆರಾಕ್ಸ್ ನಡೆಯೋದಿಲ್ಲ. ಟಿಕೀಟಿನ್ಯಾಗಿನ ಹೆಸರು ಆಧಾರ್‌ದಾಗ ಇದ್ದಂಗೇ ಇರ್ಲಿ. ನಮ್ಮ ಕಡೆ ಹಿರಿಯರ ಹೆಸರು ಒಂದ್ರಾಗ ಅಡ್ಡಹೆಸರು ಸಮೇತ, ಇನ್ನೊಂದ್ರಾಗ ಅಪ್ಪನ ಹೆಸರು ಸಮೇತ ಇರ್ತದ. ಅದನ್ನ ಈಗೇ ನೋಡ್ರಿ, ತಿದ್ದಲಿಕ್ಕೆ ವ್ಯಾಳ್ಯಾ ಬೇಕಾಗ್ತದ. ಲಕ್ಷದ್ವೀಪಕ್ಕ ಭಾರತೀಯರಿಗೂ ಪ್ರವೇಶ ಪರ್ಮಿಟ್ ಬೇಕು. ಸಾಮಾನ್ಯ ಕಂಪನಿಯೋರೇ ಮಾಡಿಸ್ತಾರ, ಆದ್ರ ಫೋಟೋ ಮತ್ತ ಐಡಿ ನೀವೇ ಟೈಮಿಗೆ ಅಪ್‌ಲೋಡ್ ಮಾಡಿರಬೇಕು. ಅತ್ತಿಯೋರಿಗೆ ವೀಲ್‌ಚೇರ್ ಬೇಕಂದ್ರ ಅದನ್ನೂ ಈಗೇ ಬರದು ಕೇಳ್ರಿ. ಅವತ್ತು ಟರ್ಮಿನಲ್‌ದಾಗ ಕೇಳಿದ್ರ ಸಾಲಿನ ಕೊನೀಗೆ ಬೀಳ್ತೀರಿ.

ದೊಡ್ಡ ಬ್ಯಾಗಿಗೆ ಖೋಲಿ ನಂಬರಿನ ಟ್ಯಾಗ್ ಹಚ್ಚಿ ಕೆಳಗೇ ತಗೋತಾರ. ಅದು ನಿಮ್ಮ ಖೋಲಿ ಮುಂದ ಬರೋದು ತಾಸುಗಟ್ಟಲೆ ತಡ, ಒಮ್ಮೊಮ್ಮೆ ರಾತ್ರಿನೇ ಆಗ್ತದ. ಅದಕ್ಕ ಮಾವನೋರ ಎಲ್ಲಾ ಔಷಧ, ಇನ್ಸುಲಿನ್ ಇದ್ರ ಅದು, ಡಾಕ್ಟರ್ ಚೀಟಿ, ಚಾರ್ಜರ್, ಮಕ್ಕಳಿಗೆ ಒಂದು ಜೊತಿ ಬಟ್ಟಿ, ಐಡಿ, ಇವೆಲ್ಲಾ ಕೈಚೀಲದಾಗೇ ಇರ್ಲಿ. ಔಷಧ ಲೆಕ್ಕಕ್ಕಿಂತ ಎರಡು ಮೂರು ದಿನದ್ದು ಜಾಸ್ತಿ ಹಿಡ್ಕೊಳ್ರಿ. ಸೂಜಿಗಳಿಗೆ ಚೀಟಿ ತೋರಿಸಬೇಕಾಗ್ತದ. ಇಸ್ತ್ರಿ ಪೆಟ್ಟಿಗಿ, ನೀರು ಕಾಸೋ ರಾಡ್, ಕೆಟಲ್, ಚಾಕು, ಕಡ್ಡಿಪೆಟ್ಟಿಗಿ, ಊದಿನಕಡ್ಡಿ, ಕರ್ಪೂರ ಇವು ಮನ್ಯಾಗೇ ಇರ್ಲಿ. ಹಡಗಿನ್ಯಾಗ ಎಲ್ಲಾಕ್ಕಿಂತ ದೊಡ್ಡ ಅಂಜಿಕಿ ಬೆಂಕಿದು. ಅತ್ತಿಯೋರು ದಿನಾ ದೀಪ ಹಚ್ಚೋರಿದ್ರ ಬ್ಯಾಟರಿ ದೀಪ ಒಯ್ರಿ. ಮುಂಬೈದಿಂದ ಓಡೋ ಎಂಪ್ರೆಸ್ 1990ರಾಗ ಕಟ್ಟಿದ ಹಡಗು, ಖೋಲಿ ಸಣ್ಣವು. ದೊಡ್ಡ ಸೂಟ್‌ಕೇಸ್‌ಕಿಂತ ಮಂಚದ ಕೆಳಗ ಹೋಗೋ ಮೆತ್ತಗಿನ ಬ್ಯಾಗ್ ಛಲೋ. ಯುನಿವರ್ಸಲ್ ಅಡಾಪ್ಟರ್ ಒಂದು ಇಟ್ಕೊಳ್ರಿ.

ಹತ್ತಿದ ಮ್ಯಾಲ ಒಂದು ಕಾರ್ಡ್ ಕೊಡ್ತಾರ. ಖೋಲಿ ಕೀಲಿ, ಗುರುತು, ರೊಕ್ಕ ಎಲ್ಲಾ ಅದೇ. ಒಳಗ ನೋಟು ನಡೆಯೋದಿಲ್ಲ. ಆಮ್ಯಾಲ ಸುರಕ್ಷತಾ ಕವಾಯತು ಇರ್ತದ, ತಪ್ಪಿಸಬ್ಯಾಡ್ರಿ. 2012ರಾಗ ಇಟಲಿ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಹಡಗು ಬಂಡೆಗಲ್ಲಿಗೆ ಬಡದು ವಾಲಿದಾಗ, ಆ ದಿನ ಹತ್ತಿದ ಮಂದಿಗೆ ಇನ್ನೂ ಕವಾಯತೇ ಆಗಿರಲಿಲ್ಲ. 32 ಮಂದಿ ಸತ್ತರು. ಅದಾದ ಮ್ಯಾಲ ಹಡಗು ಬಿಡೋಕಿಂತ ಮೊದಲ ಇಲ್ಲಾ ಬಿಟ್ಟ ಕೂಡಲೇ ಕವಾಯತು ಆಗಲೇಬೇಕಂತ ಅಂತರರಾಷ್ಟ್ರೀಯ ನಿಯಮ ಬಂತು. ಏಳು ಸಣ್ಣ ಸೀಟಿ, ಒಂದು ಉದ್ದ ಸೀಟಿ ಕೇಳಿಸಿದ್ರ ಅಪಾಯದ ಕರೆ. ಆಗ ಹೋಗಿ ನಿಲ್ಲೋ ಜಾಗದ ಗುರುತು ಕಾರ್ಡಿನ ಮ್ಯಾಲೇ ಇರ್ತದ. ಮಕ್ಕಳನ್ನ ಖೋಲಿಯಿಂದ ಆ ಜಾಗದ ತನಕ ಒಮ್ಮೆ ನಡಸ್ಕೊಂಡು ಹೋಗ್ರಿ. ಲಿಫ್ಟ್ ಬ್ಯಾಡ, ಮೆಟ್ಟಿಲ ಮ್ಯಾಲೇ ಹೋಗ್ರಿ.

ಫೋನಿನ ಬಗ್ಗೆ ಒಂದೇ ಮಾತು: ದಡ ಬಿಟ್ಟ ಕೂಡಲೇ ಫ್ಲೈಟ್ ಮೋಡ್. ನಮ್ಮ ಟವರ್ ಹೋದ ಮ್ಯಾಲ ಹಡಗಿನ ಉಪಗ್ರಹ ನೆಟ್‌ವರ್ಕ್ ಇದ್ರ ಫೋನು ತಾನೇ ಹಿಡ್ಕೊಂಬಿಡ್ತದ, ಅದು ರೋಮಿಂಗ್ ಲೆಕ್ಕದಾಗ ಹೋಗ್ತದ. ಮಾವನೋರ ಫೋನು ಮರೀಬ್ಯಾಡ್ರಿ.

ಈಗ ಊಟ. ಟಿಕೀಟಿನ್ಯಾಗ ಬರೋದು ಅಂದ್ರ ಸಾಮಾನ್ಯ ಬಫೆ, ದೊಡ್ಡ ಡೈನಿಂಗ್ ಹಾಲ್, ಚಹಾ-ಕಾಫಿ, ಕುಡಿಯೋ ನೀರು. ತಂಪು ಪಾನೀಯ, ಬಾಟ್ಲಿ ಜ್ಯೂಸ್, ಬೇರೆ ಹೆಸರಿನ ಸಣ್ಣ ರೆಸ್ಟೋರೆಂಟ್, ಖೋಲಿ ಫ್ರಿಜ್ಜಿನ್ಯಾಗಿನ ಸಾಮಾನು ಇವುಕ್ಕ ಬೇರೆ ಬಿಲ್. ಮಕ್ಕಳ ಕೈಯಾಗ ಕಾರ್ಡ್ ಕೊಟ್ರ ಬಿಲ್ ಏರೋದು ಇಲ್ಲೇ. ಮೊದಲ ದಿನ ಮಧ್ಯಾಹ್ನ ಎಲ್ಲಾರೂ ಬ್ಯಾಗ್ ಹಿಡ್ಕೊಂಡೇ ಬಫೆಗೆ ನುಗ್ತಾರ. ಅವತ್ತು ಡೈನಿಂಗ್ ಹಾಲ್ ತೆರೆದಿದ್ರ ಅಲ್ಲಿಗೇ ಹೋಗ್ರಿ, ಕುಂತಲ್ಲೇ ತಂದು ಬಡಸ್ತಾರ, ಅತ್ತಿಯೋರ ಕಾಲಿಗೂ ಆರಾಮ. ರಾತ್ರಿ ಊಟ ಎರಡು ಪಂಕ್ತಿ ಇದ್ರ ಮೊದಲನೇದು ಕೇಳ್ರಿ. ಎರಡನೇ ಪಂಕ್ತಿ ಎಂಟೂವರಿ ಮ್ಯಾಲ ಶುರುವಾದ್ರ, ಸಂಜಿ ಗುಳಿಗಿ ಇಲ್ಲಾ ಸೂಜಿ ತಗೋಳೋ ಮಾವನೋರಿಗೆ ಹೊಂದೋದಿಲ್ಲ.

ಶಾಕಾಹಾರ, ಜೈನ ಊಟ ಎರಡೂ ನಮ್ಮ ದೇಶದ ಹಡಗಿನ್ಯಾಗ ಸಿಗ್ತಾವ, ಆದ್ರ ಬುಕಿಂಗ್‌ದಾಗೇ ಬರಸ್ರಿ. ಮೊದಲ ರಾತ್ರಿ ಡೈನಿಂಗ್ ಹಾಲ್‌ದ ಮುಖ್ಯಸ್ಥರನ್ನ ಕಂಡು ನಾಳಿ ಏನು ಬೇಕಂತ ಹೇಳ್ರಿ. ಅನ್ನ, ಸಪ್ಪನ ಬ್ಯಾಳಿ, ಮೊಸರು, ಎಣ್ಣಿ ಕಮ್ಮಿ ಪಲ್ಯ ಅಂತ ಬಿಡಿಸಿ ಹೇಳಿದ್ರ ಮಾಡಿಕೊಡ್ತಾರ. ಬಫೆದಾಗ ಒಂದೇ ಚಮಚ ಎರಡು ಪಾತ್ರಿಗೆ ಓಡಾಡ್ತದ. ಅದು ಮನಸ್ಸಿಗೆ ಹತ್ತೋರಿದ್ರ ಕುಂತಲ್ಲೇ ಬಡಿಸೋ ಡೈನಿಂಗ್ ಹಾಲೇ ಸರಿ. ಮುಂದ ಯಾವಾಗರ ಸಿಂಗಪುರ ಕಡಿ ಹಡಗಿಗೆ ಹೋದ್ರ ಬರೇ “ವೆಜ್” ಅಂದ್ರ ಸಾಲದು. ತತ್ತಿ ಬ್ಯಾಡ, ಮೀನಿನ ಸಾಸ್ ಬ್ಯಾಡ, ಮಾಂಸದ ರಸ ಬ್ಯಾಡ ಅಂತ ಮೂರೂ ಹೇಳಬೇಕು. ಊಟಕ್ಕ ಮೊದಲ ಸಾಬಾಣ ಹಚ್ಚಿ ಕೈ ತೊಳ್ರಿ, ಬರೇ ಸ್ಯಾನಿಟೈಜರ್ ನಂಬಬ್ಯಾಡ್ರಿ. ಹಡಗಿನ್ಯಾಗ ವಾಂತಿ-ಭೇದಿ ಹಬ್ಬಿಸೋ ನೊರೋವೈರಸ್‌ಗೆ ಅದು ಸರಿಯಾಗಿ ನಾಟೋದಿಲ್ಲ. ರಾತ್ರಿ ಊಟಕ್ಕ ಚಡ್ಡಿ, ಬಾತ್‌ರೂಮ್ ಚಪ್ಪಲಿ ನಡೆಯೋದಿಲ್ಲ. ಸೀರಿ, ಕುರ್ತಾ-ಪೈಜಾಮಾ ಚಂದ ನಡೀತಾವ.

ಡಿಸೆಂಬರ್‌ದಾಗ ಅರಬ್ಬಿ ಸಮುದ್ರ ಮಳಿಗಾಲದಂಗ ಇರೋದಿಲ್ಲ, ಆದ್ರೂ ತಲಿ ತಿರುಗೋರಿಗೆ ತಿರುಗ್ತದ. ಖೋಲಿ ಬದಲಿ ಮಾಡೋ ಅವಕಾಶ ಇದ್ರ ಹಡಗಿನ ಉದ್ದದ ನಡುಮಧ್ಯ, ಕೆಳಗಿನ ಅಂತಸ್ತು ಕೇಳ್ರಿ. ತುದೀಗೆ ಮತ್ತ ಮ್ಯಾಲ ತೂಗಾಟ ಜಾಸ್ತಿ. ಅವೊಮಿನ್ ಅಂಥ ಗುಳಿಗಿ ವಾಂತಿ ಶುರುವಾದ ಮ್ಯಾಲ ನುಂಗಿದ್ರ ಉಪಯೋಗ ಕಮ್ಮಿ, ಮೊದಲೇ ತಗೋಬೇಕು. ಅದರಿಂದ ನಿದ್ದಿ ಬರ್ತದ. ಕಣ್ಣಿನ ಒತ್ತಡ, ಪ್ರಾಸ್ಟೇಟ್ ತೊಂದರಿ ಇರೋ ಹಿರಿಯರು ಡಾಕ್ಟರ್ ಕೇಳದೇ ತಗೋಬಾರದು. ಮಕ್ಕಳಿಗೂ ಪ್ರಮಾಣ ಕೇಳೇ ಕೊಡ್ರಿ. ಮಾವನೋರ ವಿಷಯದಾಗ ಒಂದು ಗಟ್ಟಿ ಎಚ್ಚರ: ಶುಗರ್ ಗುಳಿಗಿ ನುಂಗಿ, ಆಮ್ಯಾಲ ತಿಂದಿದ್ದೆಲ್ಲಾ ವಾಂತಿ ಆದ್ರ ಸಕ್ಕರಿ ಒಮ್ಮೆಲೇ ಇಳೀಬಹುದು. ಗ್ಲೂಕೋಸ್ ಪುಡಿ, ಶುಗರ್ ನೋಡೋ ಮಷೀನು ಖೋಲಿಯಾಗ ಕೈಗೆ ಸಿಗೋ ಜಾಗದಾಗ ಇರ್ಲಿ. ಬೆವರು, ನಡುಕ ಕಂಡ್ರ ಕಾಯಬ್ಯಾಡ್ರಿ, ಹಡಗಿನ ಡಾಕ್ಟರ್ ಕರೀರಿ.

ಗೋವಾದಾಗ ಹಡಗು ನಿಲ್ಲೋದು ಮೊರ್ಮುಗಾವ್ ಬಂದರಿನ್ಯಾಗ, ವಾಸ್ಕೋ ಕಡಿ. ಕಲಂಗೂಟ್, ಬಾಗಾ ಅಲ್ಲಿಂದ ದೂರ, ನಡುವ ಪಣಜಿ ಟ್ರಾಫಿಕ್ ಬ್ಯಾರೆ. ನಾಲ್ಕೈದು ತಾಸು ಇದ್ರ ಆ ಕಡಿ ಹೋಗಬ್ಯಾಡ್ರಿ, ಅರ್ಧ ದಿನ ಗಾಡಿಯಾಗೇ ಹೋಗ್ತದ. ಹತ್ತಿರದಾಗ ಬೊಗ್ಮಾಳೊ ಬೀಚ್ ಅದ, ಅದೇ ದಾರಿಯಾಗ ನೌಕಾಪಡೆಯ ವಿಮಾನ ಮ್ಯೂಸಿಯಂ ಅದ, ಮಕ್ಕಳಿಗೆ ಭಾಳ ಸೇರ್ತದ. ಸೋಮವಾರ ಮುಚ್ಚಿರ್ತದ. ಇಳಿಯೋಕಿಂತ ಮೊದಲ “ಎಲ್ಲಾರೂ ಒಳಗ” ಅಂಬೋ ಟೈಮ್ ಯಾವುದಂತ ಹಡಗಿನೋರು ಕೊಡೋ ಅವತ್ತಿನ ಕಾರ್ಯಕ್ರಮದ ಹಾಳಿಯಾಗ ನೋಡ್ರಿ, ಬಂದರಿನ ಏಜೆಂಟ್ ನಂಬರಿಂದು ಫೋಟೋ ಹೊಡ್ಕೊಳ್ರಿ. ಕಂಪನಿಯೋರ ಟೂರ್ ಬಸ್ ತಡಾದ್ರ ಹಡಗು ಸಾಮಾನ್ಯ ಕಾಯ್ತದ, ನಿಮ್ಮ ಟ್ಯಾಕ್ಸಿ ತಡಾದ್ರ ಕಾಯೋದಿಲ್ಲ. ಟ್ಯಾಕ್ಸಿಯಾಂವಗ ಆ ಟೈಮಿಗಿಂತ ಒಂದೂವರಿ ತಾಸು ಮುಂಚಿನ ಟೈಮ್ ಹೇಳ್ರಿ.

ಲಕ್ಷದ್ವೀಪದಾಗ ಲೆಕ್ಕ ಬ್ಯಾರೆ. ಅಲ್ಲಿನ ಅಗತ್ತಿ ದ್ವೀಪದಾಗ ಇಷ್ಟು ದೊಡ್ಡ ಹಡಗು ದಡಕ್ಕ ಹತ್ತೋದಿಲ್ಲ. ದೂರ ನಿಂತು, ಪಕ್ಕದ ಬಾಗಿಲಿನಿಂದ ಸಣ್ಣ ಬೋಟಿಗೆ ಮಂದಿ ಇಳಸ್ತಾರ. ಅತ್ತಿಯೋರ ಪ್ರಶ್ನೆ ಇಲ್ಲೇ ಬರ್ತದ. ಆ ಬೋಟು ಒಂದು ಕಡಿ ನಿಲ್ಲೋದಿಲ್ಲ, ತೆರಿ ಜೊತಿ ಮ್ಯಾಲ ಕೆಳಗ ಆಡ್ತದ. ಅದು ಹಡಗಿನ ಬಾಗಿಲಿನ ಸಮ ಬಂದಾಗ, ಸಿಬ್ಬಂದಿ “ಈಗ” ಅಂದ ಕೂಡಲೇ ಒಂದೇ ಹೆಜ್ಜಿ ಇಡಬೇಕು. ಅರ್ಧ ಇಟ್ಟು ಹಿಂದ ಸರಿದಾಗಲೇ ಮಂದಿ ಬೀಳೋದು. ಎರಡೂ ಕೈ ಖಾಲಿ ಇರ್ಲಿ, ಚೀಲ ಬೆನ್ನಿಗೆ, ಫೋನು ಒಳಗ. ಅಂಗೈ ಹಿಡೀಬ್ಯಾಡ್ರಿ, ಬೆವರಿಗೆ ಜಾರ್ತದ. ಸಿಬ್ಬಂದಿ ನಿಮ್ಮ ಮಣಿಕಟ್ಟು, ನೀವು ಅವರ ಮಣಿಕಟ್ಟು ಹಿಡೀಬೇಕು. ಸೀರಿ ಅಂಚು ಕಾಲಾಗ ಬರ್ತದ, ಆ ಒಂದು ದಿನ ಅತ್ತಿಯೋರು ಚೂಡಿದಾರ್ ಹಾಕ್ಕೊಂಡ್ರ ಛಲೋ. ವೀಲ್‌ಚೇರ್ ಇದ್ರ ಬೋಟಿಗೆ ಸಾಮಾನ್ಯ ಬಿಡೋದಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರ: ನಾಲ್ಕು ಮಂದಿ ಇಳಿಯೋದನ್ನ ಅತ್ತಿಯೋರಿಗೆ ಮ್ಯಾಲಿಂದ ಮೊದಲ ತೋರಸ್ರಿ. ಮನ್ಯಾಗ ಗೋಡಿ ಹಿಡೀದೇ ಒಂದು ಎತ್ತರದ ಮೆಟ್ಟಿಲ ಹತ್ತಿ-ಇಳೀಲಿಕ್ಕೆ ಆಗೋದಿಲ್ಲಂದ್ರ ಒತ್ತಾಯ ಬ್ಯಾಡ. ಅವತ್ತು ಹಡಗು ಖಾಲಿ ಇರ್ತದ, ಡೆಕ್ ಮ್ಯಾಲ ನೆರಳಿನ್ಯಾಗ ಕುಂತು ಹವಳದಿಬ್ಬದ ಹಸಿರು ನೀರು ಅಲ್ಲಿಂದಲೇ ಕಾಣ್ತದ. ಗಾಳಿ ಜೋರಿದ್ರ ಕ್ಯಾಪ್ಟನ್ ಇಳಿಯೋದನ್ನೇ ರದ್ದು ಮಾಡ್ತಾರ. ಅದಕ್ಕ ಜಗಳ ತಗೀಬ್ಯಾಡ್ರಿ, ಮುಂಗಡ ಕೊಟ್ಟ ಟೂರಿನ ರೊಕ್ಕ ವಾಪಸ್ ಆಗ್ತದೇನಂತ ಕೌಂಟರ್‌ದಾಗ ಕೇಳ್ರಿ. ಇಳಿದೋರು ನೀರಿನ ಚಪ್ಪಲಿ ಹಾಕ್ಕೊಳ್ರಿ, ಹವಳದ ಗೀರು ಜಲ್ದಿ ಮಾಯೋದಿಲ್ಲ. ಸತ್ತ ಹವಳದ ತುಂಡು ಸುದ್ದಾ ಚೀಲಕ್ಕ ಹಾಕಬಾರದು, 1972ರ ವನ್ಯಜೀವಿ ಕಾಯ್ದಿಯಾಗ ಅದು ಅಪರಾಧ. ಮಕ್ಕಳಿಗೆ ಮೊದಲೇ ಹೇಳಿ ಇಡ್ರಿ. ಅಗತ್ತಿಯಾಗ ಮದ್ಯ ನಿಷೇಧ, ಹಡಗಿನಿಂದ ಯಾರೂ ಬಾಟ್ಲಿ ಒಯ್ಯೋ ಹಂಗಿಲ್ಲ.

ಕೊನಿ ರಾತ್ರಿ ದೊಡ್ಡ ಬ್ಯಾಗು ಖೋಲಿ ಹೊರಗ ಇಡಲಿಕ್ಕೆ ಹೇಳ್ತಾರ. ಮರುದಿನದ ಬಟ್ಟಿ, ಚಪ್ಪಲಿ, ಬೆಳಗಿನ ಗುಳಿಗಿ ಎತ್ತಿಟ್ಟ ಮ್ಯಾಲೇ ಜಿಪ್ ಹಾಕ್ರಿ. ಬಿಲ್ಲನ್ನೂ ಅದೇ ರಾತ್ರಿ ಕೌಂಟರ್‌ದಾಗ ನೋಡ್ರಿ. ಪ್ರತಿಯೊಬ್ಬರಿಗೆ ಪ್ರತಿ ರಾತ್ರಿದು ಸೇವಾ ಶುಲ್ಕ ಹಚ್ಚಿರ್ತಾರ, ನೀವು ಕುಡೀದ ಜ್ಯೂಸ್ ಸೇರಿದ್ರ ಆಗಲೇ ತೆಗಸ್ರಿ. ಬೆಳಿಗ್ಗಿ ಅಲ್ಲಿ ಸಾಲು ಮುಂದ ಸರಿಯೋದಿಲ್ಲ. ವಾಪಸ್ ಬರಲಿಕ್ಕೆ ಬೆಳಗಿನ ಉದ್ಯಾನ್ ಮಾಡಿಸಬ್ಯಾಡ್ರಿ, ಹಡಗಿನಿಂದ ಇಳಿಯೋದ್ರಾಗ ಅದು ಹೋಗಿರ್ತದ. ರಾತ್ರಿ ಹುಸೇನ್‌ಸಾಗರ್ ಎಕ್ಸ್‌ಪ್ರೆಸ್ ಮಾಡಿಸ್ರಿ, ಅತ್ತಿ-ಮಾವನೋರಿಗೆ ಕೆಳಗಿನ ಬರ್ತ್ ಸಿಗೋ ಹಂಗ ಈಗೇ ನೋಡ್ರಿ. ಬ್ಯಾಗು ಸಿಎಸ್‌ಎಂಟಿ ಕ್ಲೋಕ್ ರೂಮಿನ್ಯಾಗ ಇಡಬೇಕಂದ್ರ ಬೀಗ ಹಾಕಿರಬೇಕು, ಒಂದೊಂದು ಸಣ್ಣ ಬೀಗ ಮನಿಯಿಂದಲೇ ಹಿಡ್ಕೊಂಡು ಹೋಗ್ರಿ.