ನೆರೆಯವರಿಗಾಗಿ ಪ್ರಾರ್ಥಿಸಿದರೆ ಸಾಕೇ, ಮಾತನಾಡಲೂ ಬೇಕೇ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಸುತ್ತಮುತ್ತ ಕ್ರೈಸ್ತರೆಂದರೆ ನಮ್ಮದೊಂದೇ ಮನೆ. ಅಡಿಕೆ ಸುಲಿತದ ದಿನಗಳಲ್ಲಿ ನನ್ನ ಪಕ್ಕದಲ್ಲೇ ಮೆಟ್ಟುಗತ್ತಿ ಹಾಕಿಕೊಂಡು ಕೂರುವ ಅಕ್ಕ ಒಬ್ಬರು, “ದಿನಾ ಸಂಜೆ ಜಪಸರ ಹಿಡಿದು ಏನು ಬೇಡಿಕೊಳ್ತೀಯೆ? ನಿಮ್ಮ ಯೇಸುಸ್ವಾಮಿ ಯಾರು?” ಎಂದು ಆಗಾಗ ಕೇಳುತ್ತಾರೆ. ನನಗೆ ಮಾತೇ ಹೊರಡುವುದಿಲ್ಲ. ಅವರಿಗಾಗಿ ಪ್ರಾರ್ಥಿಸುತ್ತೇನೆ, ಅಷ್ಟೆ. ಅಷ್ಟು ಸಾಕು ಎನ್ನುತ್ತಾರೆ ಅಮ್ಮ. ಪ್ರಾರ್ಥನೆಯ ನೆಪದಲ್ಲಿ ನುಣುಚಿಕೊಳ್ಳುತ್ತಿದ್ದೀಯೆ ಎನ್ನುತ್ತಾನೆ ತಮ್ಮ. ಯಾರ ಮಾತು ಸರಿ?

ಉತ್ತರ: ಸೋದರಿ, ಪ್ರಾರ್ಥನೆಯಲ್ಲಿ ತಾವು ಏನನ್ನು ಬೇಡುತ್ತಿದ್ದೀರಿ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಯೇಸುವಿನ ಪ್ರೇಷಿತರಾದ ಸಂತ ಪೌಲರು ಸೆರೆಯಲ್ಲಿದ್ದುಕೊಂಡು ಕೊಲೊಸ್ಸೆ ಊರಿನ ಕ್ರೈಸ್ತ ಸಭೆಗೆ ಬರೆದ, ಬೈಬಲಿನಲ್ಲಿರುವ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ತಮಗಾಗಿ ಪ್ರಾರ್ಥಿಸಿರೆಂದು ಕೇಳಿಕೊಂಡಿದ್ದಾರೆ. ಆ ಕೋರಿಕೆಯನ್ನು ನಿಧಾನವಾಗಿ ಓದಿ. ಸೆರೆಮನೆಯ ಬಾಗಿಲು ತೆರೆಯಲಿ ಎಂದು ಅವರು ಅಲ್ಲಿ ಕೇಳುವುದಿಲ್ಲ, ಕೇಳುಗರು ತಮ್ಮ ವಾದಕ್ಕೆ ಮಣಿಯಲಿ ಎಂದೂ ಕೇಳುವುದಿಲ್ಲ. ಶುಭಸಂದೇಶಕ್ಕೆ ದೇವರು ದಾರಿ ಮಾಡಿಕೊಡಲಿ, ಅದನ್ನು ಹೇಳಬೇಕಾದ ರೀತಿಯಲ್ಲಿ ಸ್ಪಷ್ಟವಾಗಿ ಹೇಳುವ ಶಕ್ತಿ ತಮಗೆ ಬರಲಿ ಎಂದಷ್ಟೇ ಕೇಳುತ್ತಾರೆ. ಅದರ ಬೆನ್ನಿಗೇ, ಹೊರಗಿನವರೊಡನೆ ವಿವೇಕದಿಂದ ನಡೆದುಕೊಳ್ಳಿ, ಮಾತು ಹಿತವಾಗಿಯೂ ಉಪ್ಪು ಬೆರೆತಂತೆ ರುಚಿಯಾಗಿಯೂ ಇರಲಿ, ಒಬ್ಬೊಬ್ಬರಿಗೂ ಹೇಗೆ ಉತ್ತರ ಕೊಡಬೇಕೆಂಬುದನ್ನು ಅರಿತಿರಿ ಎಂದು ಸಭೆಯವರಿಗೆ ಹೇಳುತ್ತಾರೆ. ಉತ್ತರ ಬೇಕಾಗುವುದು ಯಾರಾದರೂ ಕೇಳಿದಾಗ. ತಮ್ಮನ್ನು ಆ ಅಕ್ಕ ಕೇಳಿಯೇ ಕೇಳಿದ್ದಾರೆ.

ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ತಮ್ಮನ ಕಡೆಗೆ ವಾಲುತ್ತೇನೆ. ಆದರೆ ಅಮ್ಮನ ಮಾತನ್ನು ಹಗುರವಾಗಿ ಕಾಣಬೇಡಿ. ಫಿಲಿಪ್ಪಿಯ ಹೊಳೆದಂಡೆಯಲ್ಲಿ, ಪ್ರಾರ್ಥನೆಗೆಂದು ಸೇರಿದ್ದ ಹೆಂಗಸರೊಡನೆ ಪೌಲರು ಕುಳಿತು ಮಾತನಾಡಿದರು. ಕೆನ್ನೀಲಿ ಬಟ್ಟೆಯ ವ್ಯಾಪಾರ ಮಾಡುತ್ತಿದ್ದ ಲಿಡಿಯಾ ಆ ಮಾತನ್ನು ಕೇಳಿಸಿಕೊಂಡಳು. ಆದರೆ ಅವಳ ಹೃದಯವನ್ನು ತೆರೆದವನು ಪ್ರಭು ಎಂದು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ 16ನೆಯ ಅಧ್ಯಾಯ ಹೇಳುತ್ತದೆ. ಇದನ್ನು ನಂಬುವವರಿಗೆ ಇನ್ನೊಬ್ಬರನ್ನು ಒತ್ತಾಯಿಸುವ, ಆಸೆ ತೋರಿಸುವ, ವಾದದಲ್ಲಿ ಸೋಲಿಸುವ ಅಗತ್ಯವೇ ಬೀಳುವುದಿಲ್ಲ. ಇಂದು ನಮ್ಮ ನಾಡಿನಲ್ಲಿ ವಿಶ್ವಾಸದ ಮಾತೆತ್ತಿದರೆ ಸಂಶಯದ ಕಣ್ಣುಗಳು ಏಳುತ್ತವೆ. ಅಂಥಲ್ಲಿ ನಮ್ಮ ನಾಲಿಗೆಯನ್ನೂ ಉದ್ದೇಶವನ್ನೂ ಶುದ್ಧವಾಗಿ ಇರಿಸುವುದು ಪ್ರಾರ್ಥನೆಯೇ ಎಂದು ನಾನು ಮನಸಾರೆ ನಂಬಿದ್ದೇನೆ.

ಕೆಲವರಿಗೆ ಪ್ರಾರ್ಥನೆಯೊಂದೇ ಕರೆಯಾಗಿರುತ್ತದೆ ಎಂಬುದೂ ನಿಜ. ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ 1897ರಲ್ಲಿ, ಕೇವಲ 24ನೆಯ ವಯಸ್ಸಿನಲ್ಲಿ, ಪ್ರಾರ್ಥನೆಗೇ ಮುಡಿಪಾದ ಸಂನ್ಯಾಸಿನಿಯರ ಕಾರ್ಮೆಲ್ ಮಠದ ಗೋಡೆಗಳ ಒಳಗೇ ತೀರಿಕೊಂಡರು. ಧರ್ಮಪ್ರಚಾರಕ್ಕೆಂದು ಅವರು ಯಾವ ದೇಶಕ್ಕೂ ಹೋದವರಲ್ಲ. ಆದರೂ 1927ರಲ್ಲಿ ಹನ್ನೊಂದನೆಯ ಪಯಸ್ ಪೋಪರು ಅವರನ್ನು, ದೇಶದೇಶ ಸುತ್ತಿ ಧರ್ಮಪ್ರಚಾರ ಮಾಡಿದ ಸಂತ ಫ್ರಾನ್ಸಿಸ್ ಝೇವಿಯರರೊಡನೆ, ಧರ್ಮಪ್ರಚಾರ ಕಾರ್ಯದ ಪಾಲಕ ಸಂತರೆಂದು ಘೋಷಿಸಿದರು. ದೂರದೇಶದ ಸೇವೆಗೆ ಮುಡಿಪಾದ ಇಬ್ಬರನ್ನು ಸೋದರರೆಂದು ಸ್ವೀಕರಿಸಿ, ಅವರಿಗಾಗಿ ಪ್ರಾರ್ಥಿಸುತ್ತ, ಪತ್ರ ಬರೆಯುತ್ತ ಇದ್ದವರು ತೆರೇಸಾ. ಆದರೆ ತಾವು ಮಠದಲ್ಲಿಲ್ಲ, ಅಡಿಕೆ ಚಪ್ಪರದಲ್ಲಿದ್ದೀರಿ.

ಶುಭ ಶುಕ್ರವಾರದ ಆರಾಧನೆಯಲ್ಲಿ ಕ್ರಿಸ್ತರನ್ನು ನಂಬದವರಿಗಾಗಿ ಸಲ್ಲಿಸುವ ಬಿನ್ನಹವನ್ನು ನೆನಪಿಸಿಕೊಳ್ಳಿ. ಅವರು ನಿರ್ಮಲ ಹೃದಯದಿಂದ ನಡೆದು ಸತ್ಯವನ್ನು ಕಾಣಲಿ ಎಂದು ಬೇಡಿದ ಮೇಲೆ, ನಾವು ಪರಸ್ಪರ ಪ್ರೀತಿಯಲ್ಲಿ ಬೆಳೆದು ದೇವರ ಪ್ರೀತಿಗೆ ಇನ್ನೂ ಉತ್ತಮ ಸಾಕ್ಷಿಗಳಾಗುವಂತೆ ಅದೇ ಉಸಿರಿನಲ್ಲಿ ಬೇಡುತ್ತೇವೆ. ತಮ್ಮ ಸಂಜೆಯ ಜಪಕ್ಕೆ ಈ ಎರಡನೆಯ ಬೇಡಿಕೆಯನ್ನು ಸೇರಿಸಿಕೊಳ್ಳಿ. ಆಮೇಲೆ ಅಕ್ಕ ಕೇಳಿದಾಗ ದೊಡ್ಡ ಉಪದೇಶಕ್ಕೆ ಹೊರಡದೆ, “ಕಷ್ಟ ಸುಖ ಎಲ್ಲ ಅವರ ಹತ್ತಿರ ಹೇಳ್ಕೊಳ್ತೀನಿ ಅಕ್ಕಾ, ನಿಮ್ಮ ಮನೆಯವರ ಹೆಸರೂ ಹೇಳ್ತೀನಿ. ಅವರು ನನ್ನ ಕೈಬಿಟ್ಟಿಲ್ಲ” ಎಂದು ಇದ್ದುದನ್ನು ಇದ್ದಂತೆ ಹೇಳಿ. ಇನ್ನೂ ಕೇಳಿದರೆ ಇನ್ನಷ್ಟು ಹೇಳಿ. ಕೇಳದಿದ್ದರೆ ಸುಲಿತ ಮುಂದುವರಿಯಲಿ.

ಪ್ರಶ್ನೆ: ಅದೇ ಅಕ್ಕನ ಗಂಡನಿಗೆ ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದಿದೆ. ಅವರ ಮನೆಗೆ ಹೋಗಿ ಪ್ರಾರ್ಥನೆ ಮಾಡಬಹುದೇ?

ಉತ್ತರ: ಮೊದಲು ಅವರನ್ನು ಆಸ್ಪತ್ರೆಗೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಲು ನೆರವಾಗಿ. 1957ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಮಲೆನಾಡನ್ನು ಇನ್ನೂ ಬಿಟ್ಟಿಲ್ಲವಾದ್ದರಿಂದ, ಇಂಥ ಜ್ವರದಲ್ಲಿ ತಡಮಾಡುವುದು ತರವಲ್ಲ. ಪ್ರಾರ್ಥಿಸಿದರೆ ವಾಸಿಯಾಗುತ್ತದೆಂಬ ಮಾತು ಕೊಡಬೇಡಿ. ಹಾಗೆ ಮಾತು ಕೊಡುವ ಅಧಿಕಾರ ನಮಗಿಲ್ಲ. “ನಿಮ್ಮ ಮನೆಯಲ್ಲಿ ಒಂದು ಪ್ರಾರ್ಥನೆ ಹೇಳಲೇ?” ಎಂದು ಕೇಳಿ, ಅವರು ಒಪ್ಪಿದರೆ ಅವರಿಗೆ ಅರ್ಥವಾಗುವ ಮಾತಿನಲ್ಲಿ ಚಿಕ್ಕದಾಗಿ ಹೇಳಿ. ಬೇಡವೆಂದರೆ ಬೇಸರಿಸಿಕೊಳ್ಳದೆ ತಮ್ಮ ಮನೆಯಲ್ಲೇ ಪ್ರಾರ್ಥಿಸಿ, ಅವರು ಆಸ್ಪತ್ರೆಯಿಂದ ಬರುವವರೆಗೆ ಅವರ ದನಕರುಗಳಿಗೆ ಹುಲ್ಲು ನೀರು ನೋಡಿಕೊಳ್ಳಿ.