ಆಗಸ್ಟ್ ರಜೆಗೆ ಅಪ್ಪ-ಅಮ್ಮ, ಮಕ್ಕಳ ಜೊತೆ ಬೆಂಗಳೂರಿನಿಂದ ಯಾವ ಐಷಾರಾಮಿ ಬೀಚ್ ರೆಸಾರ್ಟ್‌ಗೆ ಹೋಗಬಹುದು? ಅಷ್ಟು ದುಡ್ಡು ಕೊಡೋದು ಸರೀನಾ?

ನಿಮ್ಮ ಪ್ರಶ್ನೆಯಲ್ಲಿ ಆರು ಜನ ಇದ್ದೀರಿ. ಗಂಡ-ಹೆಂಡತಿ, ಇಬ್ಬರು ಚಿಕ್ಕ ಮಕ್ಕಳು, ಎಪ್ಪತ್ತು ದಾಟಿದ ಅಪ್ಪ-ಅಮ್ಮ. ಹೊರಡೋದು ಆಗಸ್ಟ್ 15ರ ರಜೆಗೆ. ಗೋವಾ ಅಥವಾ ಗೋಕರ್ಣದಲ್ಲಿ ಒಂದು ಸ್ಟೈಲಿಶ್ ಫೈವ್ ಸ್ಟಾರ್ ಬೇಕು ಅಂದಿದ್ದೀರಿ.

ದುಡ್ಡು ಕೊಡಿ, ತಪ್ಪಿಲ್ಲ. ಆದರೆ ಆಗಸ್ಟ್‌ನಲ್ಲಿ ಆ ಕಡೆ ಬೇಡ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರದ ಹತ್ತಿರ ಹೋಗೋಕೇ ಭಯವಾಗುತ್ತದೆ. ಬೀಚ್‌ಗಳಲ್ಲಿ ಕೆಂಪು ಬಾವುಟ ಹಾರುತ್ತಿರುತ್ತದೆ. ನೀರಿಗೆ ಇಳಿಯೋಕೆ ಲೈಫ್‌ಗಾರ್ಡ್‌ಗಳು ಬಿಡುವುದಿಲ್ಲ, ಬಿಡಲೂಬಾರದು. ಗೋವಾದಲ್ಲಿ ಮರಳ ಮೇಲಿನ ಶ್ಯಾಕ್‌ಗಳನ್ನು, ಅಂದರೆ ಗುಡಿಸಲಿನಂಥ ಹೋಟೆಲ್‌ಗಳನ್ನು, ಮಳೆಗೆ ಮುಂಚೆಯೇ ಬಿಚ್ಚಿಟ್ಟಿರುತ್ತಾರೆ. ಕಾರಿನಲ್ಲಿ ಮಂಗಳೂರು ಕಡೆಯಿಂದ ಹೋಗೋಣ ಅಂದರೆ ಶಿರಾಡಿ ಘಾಟಿಯಲ್ಲಿ ಯಾವಾಗ ಗುಡ್ಡ ಕುಸಿಯುತ್ತದೋ ಗೊತ್ತಿಲ್ಲ. ಮಳೆ ನೋಡೋಕೇ ಹೋಗುವವರಿಗೆ ಅದೂ ಒಂದು ಚೆಂದ. ಗಂಡ-ಹೆಂಡತಿ ಇಬ್ಬರೇ ಆದರೆ ನಾನೇ ಹೋಗಿ ಅನ್ನುತ್ತಿದ್ದೆ. ಆದರೆ ಬಕೆಟ್, ಪುಟ್ಟ ಸಲಿಕೆ ಹಿಡಿದು ಬಂದ ಮಕ್ಕಳನ್ನು ರೂಮಿನೊಳಗೆ ಕೂರಿಸಿ, ಕಿಟಕಿಯಿಂದ ಸಮುದ್ರ ತೋರಿಸೋಕೆ ಅಷ್ಟು ದುಡ್ಡು ಯಾಕೆ?

ಆಗಸ್ಟ್‌ಗೆ ನನ್ನ ಮತ ಪೂರ್ವ ಕರಾವಳಿಗೆ. ಚೆನ್ನೈನಿಂದ ಪುದುಚೇರಿಗೆ ಹೋಗುವ ಈಸ್ಟ್ ಕೋಸ್ಟ್ ರೋಡ್ (ಈಸಿಆರ್) ಇದೆಯಲ್ಲ, ಅಲ್ಲಿನ ಕೋವಳಂ ಅಥವಾ ಮಾಮಲ್ಲಪುರ. ನಮಗೆ ಮಳೆ ಸುರಿಸುವ ಮುಂಗಾರನ್ನು ಪಶ್ಚಿಮ ಘಟ್ಟ ತಡೆಯುತ್ತದೆ. ತಮಿಳುನಾಡು ಕರಾವಳಿಗೆ ದೊಡ್ಡ ಮಳೆ ಬರೋದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆಗಸ್ಟ್‌ನಲ್ಲಿ ಹಗಲು ಸೆಕೆ ಇರುತ್ತದೆ, ಸಂಜೆ ಒಮ್ಮೊಮ್ಮೆ ಗುಡುಗು ಮಳೆ. ಅಷ್ಟೇ. ನೀವು ಡಿಸೆಂಬರ್ ಅಂತ ಕೇಳಿದ್ದರೆ ನನ್ನ ಉತ್ತರ ಪೂರ್ತಿ ಉಲ್ಟಾ ಆಗುತ್ತಿತ್ತು. ಆಗ ಗೋವಾ, ಉಡುಪಿ, ಗೋಕರ್ಣ ಮೂರೂ ಚೆನ್ನ. ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಮಲಗಿದರೆ ಬೆಳಗ್ಗೆ ಗೋಕರ್ಣ ರೋಡ್‌ನಲ್ಲಿ ಇಳಿಯಬಹುದು.

ಆದರೆ ಬಂಗಾಳ ಕೊಲ್ಲಿಯೂ ಸಾಧು ಅಲ್ಲ. ಅಲೆ ದಡದ ಹತ್ತಿರವೇ ಜೋರಾಗಿ ಒಡೆಯುತ್ತದೆ, ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತದೆ. ಕಾಲು ನೆನೆಸಿ, ಆಟವಾಡಿ, ಈಜೋಕೆ ಪೂಲ್‌ಗೆ ಬನ್ನಿ. ಹಾಗಾಗಿ ಪೂಲ್ ಚೆನ್ನಾಗಿರೋ ಜಾಗ ನೋಡಿ. ಮಾಮಲ್ಲಪುರದ ರಾಡಿಸನ್ ಬ್ಲೂ ಟೆಂಪಲ್ ಬೇ, ಅದೇ ರಸ್ತೆಯ ಇಂಟರ್‌ಕಾಂಟಿನೆಂಟಲ್, ಕೋವಳಂನ ತಾಜ್ ಫಿಶರ್‌ಮನ್ಸ್ ಕೋವ್, ಈ ಮೂರರಲ್ಲಿ ನಿಮಗೆ ಒಂದು ಹೊಂದಬಹುದು. ತಾಜ್ ಇರುವುದು ಹಳೇ ಕೋಟೆಯ ಜಾಗದಲ್ಲಿ, 1974ರ ಹೋಟೆಲ್. ಕರಾವಳಿಯಲ್ಲಿ ಕಟ್ಟಡ ಕಟ್ಟುವುದಕ್ಕೆ ನಿಯಮ ಬಂದದ್ದು 1991ರಲ್ಲಿ. ಆಮೇಲೆ ಕಟ್ಟಿದವರು ಜನವಸತಿ ಕಮ್ಮಿ ಇರುವ ಕಡೆ ಭರತದ ಗೆರೆಯಿಂದ (ಸಮುದ್ರ ಉಕ್ಕಿದಾಗ ನೀರು ಬಂದು ಮುಟ್ಟುವ ಜಾಗದಿಂದ) 200 ಮೀಟರ್ ಹಿಂದೆ ಸರಿಯಬೇಕು. ಅದಕ್ಕೇ ಹಳೇ ಹೋಟೆಲ್‌ಗಳು ನೀರಿಗೆ ಜಾಸ್ತಿ ಹತ್ತಿರ ಇರುತ್ತವೆ. ಹೊಸದರಲ್ಲಿ ಎಷ್ಟೋ ಸಲ ‘ಸೀ ವ್ಯೂ’ ಅಂದರೆ ತೆಂಗಿನ ಮರಗಳ ಸಂದಿಯಲ್ಲಿ ಒಂದು ನೀಲಿ ಪಟ್ಟಿ. ಇನ್ನು ‘ಪ್ರೈವೇಟ್ ಬೀಚ್’ ಅಂತ ಬರೆದಿದ್ದರೆ ಅದಕ್ಕೆ ಬೇರೆ ದುಡ್ಡು ಕೊಡಬೇಡಿ. ನಮ್ಮ ದೇಶದಲ್ಲಿ ಬೀಚ್ ಎಲ್ಲರದ್ದು. ಅವರದ್ದು ಅಂತ ಇರೋದು ಬೀಚ್‌ಗೆ ಇಳಿಯುವ ಗೇಟ್ ಮಾತ್ರ.

ಈಗ ಸ್ಟೈಲ್ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆ ಹತ್ತಿಸಿದ್ದು ಆ ಪದವೇ. ಈ ರೂಮುಗಳನ್ನು ಹನಿಮೂನ್‌ಗೆ ಬರುವ ಜೋಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿರುತ್ತಾರೆ. ನಾವು ಮನೆಮಂದಿಯೆಲ್ಲ ಹೋಗಿದ್ದ ಒಂದು ರೆಸಾರ್ಟ್‌ನಲ್ಲಿ ಮಲಗುವ ಕೋಣೆಗೂ ಬಾತ್‌ರೂಮಿಗೂ ಮಧ್ಯೆ ಗಾಜಿನ ಗೋಡೆ. ಪರದೆ ಇತ್ತು, ಆದರೆ ಅದರ ಸ್ವಿಚ್ ಇದ್ದದ್ದು ಹಾಸಿಗೆ ಪಕ್ಕ! ಒಳಗಿರುವವರ ಮಾನ ಹೊರಗಿರುವವರ ಕೈಯಲ್ಲಿ. ನಮ್ಮಪ್ಪ ಸ್ನಾನಕ್ಕೆ ಹೋಗುವ ಮುಂಚೆ ಎಲ್ಲರನ್ನೂ ವರಾಂಡಕ್ಕೆ ಅಟ್ಟಿ, ಬಾಗಿಲಿಗೆ ಚಿಲಕ ಹಾಕಿಕೊಳ್ಳುತ್ತಿದ್ದರು. ಬಾತ್‌ರೂಮ್ ನೆಲ ನುಣ್ಣನೆ ಕಪ್ಪು ಕಲ್ಲು, ಒದ್ದೆಯಾದರೆ ಜಾರುತ್ತಿತ್ತು. ಹಿಡಿದುಕೊಳ್ಳೋಕೆ ಒಂದು ಕಂಬಿ ಇಲ್ಲ. ಮಂಚ ಎಷ್ಟು ತಗ್ಗು ಅಂದರೆ ಮಂಡಿನೋವಿನ ಅಮ್ಮ ಏಳುವಾಗ ಯಾರಾದರೂ ಕೈ ಕೊಡಲೇಬೇಕಿತ್ತು. ಫೋಟೋದಲ್ಲಿ ಇವೆಲ್ಲ ಅದ್ಭುತವಾಗಿ ಕಾಣುತ್ತವೆ.

ಕೇರಳದಲ್ಲೂ ಒಂದು ಕೋವಳಂ ಇದೆ. ಅಲ್ಲಿ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ವಿನ್ಯಾಸ ಮಾಡಿದ ರೆಸಾರ್ಟ್ ಇದೆ, ಈಗ ಅದು ಲೀಲಾ ಹೆಸರಲ್ಲಿದೆ. ಗುಡ್ಡದ ಇಳಿಜಾರಿಗೇ ರೂಮುಗಳನ್ನು ಜೋಡಿಸಿದ್ದಾರೆ. ಕಟ್ಟಡ ನೋಡುವ ಹುಚ್ಚಿದ್ದವರು ಒಮ್ಮೆ ಹೋಗಬೇಕು. ಆದರೆ ಇಳಿಜಾರಿನ ಜಾಗ ಯಾವುದೇ ಆಗಲಿ, ಮಂಡಿನೋವಿನವರನ್ನು ಕರೆದುಕೊಂಡು ಹೋಗುವ ಮುಂಚೆ ಮೆಟ್ಟಿಲ ಬಗ್ಗೆ ವಿಚಾರಿಸಿ. ರೆಸಾರ್ಟ್ ಒಳಗೆ ಓಡಾಡೋಕೆ ಬಗ್ಗಿ ಗಾಡಿ ಕೊಡುತ್ತಾರೆ ನಿಜ, ಆದರೆ ಪ್ರತಿ ಸಲ ಫೋನ್ ಮಾಡಿ ಕಾಯಬೇಕು. ವಯಸ್ಸಾದವರು ಎರಡು ಸಲ ಕಾಯುತ್ತಾರೆ, ಮೂರನೇ ಸಲಕ್ಕೆ ‘ನಾನಿಲ್ಲೇ ಇರ್ತೀನಿ, ನೀವು ಹೋಗಿ ಬನ್ನಿ’ ಅನ್ನುತ್ತಾರೆ.

ಹಾಗಾಗಿ ಬುಕ್ ಮಾಡುವ ಮುಂಚೆ ವೆಬ್‌ಸೈಟ್ ಬದಿಗಿಟ್ಟು ರೆಸಾರ್ಟ್‌ಗೇ ಫೋನ್ ಮಾಡಿ. ಡೈನಿಂಗ್ ಹಾಲ್‌ಗೆ ಹತ್ತಿರದ, ನೆಲ ಅಂತಸ್ತಿನ, ಒಳಬಾಗಿಲಿನಿಂದ ಸೇರಿಕೊಂಡ ಎರಡು ರೂಮು ಕೇಳಿ. ಸಮುದ್ರ ಕಾಣದಿದ್ದರೂ ಪರವಾಗಿಲ್ಲ, ರೂಮಿನ ಮುಂದೆ ಆರು ಜನ ಕೂರುವಷ್ಟು ಜಗಲಿ ಇರಲಿ. ಸೀ ವ್ಯೂಗೆ ಕೊಡುವ ಹೆಚ್ಚುವರಿ ದುಡ್ಡಿಗಿಂತ ಆ ಜಗಲಿ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಸಂಜೆ ಕಾಫಿ, ರಾತ್ರಿ ಹರಟೆ, ಮಕ್ಕಳ ಜಗಳ ಎಲ್ಲ ನಡೆಯೋದು ಅಲ್ಲೇ.

ಲೆಕ್ಕ ಹೀಗಿದೆ. ದಿನಕ್ಕೆ 7,500 ರೂಪಾಯಿ ದಾಟಿದ ರೂಮಿಗೆ ಶೇ. 18 ಜಿಎಸ್‌ಟಿ. ಉದಾಹರಣೆಗೆ ರೂಮಿಗೆ 15,000 ಅಂತ ತೋರಿಸಿದರೆ ಕೈಯಿಂದ ಹೋಗೋದು 17,700. ಎರಡು ರೂಮು, ಎರಡು ರಾತ್ರಿ ಅಂದರೆ 70,800. ಇದರ ಮೇಲೆ ಊಟ. ಬರೀ ತಿಂಡಿ ಸೇರಿದ ಪ್ಲ್ಯಾನ್ ತಗೊಂಡರೆ ಮಧ್ಯಾಹ್ನ, ರಾತ್ರಿ ಬಿಲ್ ನೋಡಿ ಅಪ್ಪ ಊಟವೇ ಬಿಡುವ ಸಾಧ್ಯತೆ ಇದೆ. ತಿಂಡಿ ಜೊತೆ ಒಂದು ಊಟ ಸೇರಿದ ಪ್ಲ್ಯಾನ್ ತಗೊಳ್ಳಿ, ಹಿರಿಯರಿಗೆ ರೇಟು ಹೇಳಲೇಬೇಡಿ. ಶ್ರಾವಣ ಬೇರೆ, ಮನೆಯಲ್ಲಿ ಮೀನು-ಮಾಂಸ ಬಿಟ್ಟಿದ್ದರೆ ಸೀಫುಡ್ ಬಫೆಗೆ ದುಡ್ಡು ದಂಡ. ಅನ್ನ, ಸಾರು, ಮೊಸರು ಬೇಕು ಅಂತ ಮೊದಲ ದಿನವೇ ಅಡುಗೆಯವರಿಗೆ ಹೇಳಿಬಿಡಿ. ಈಸಿಆರ್‌ನಲ್ಲಿ ರಸಂ ಕೇಳಿದರೆ ಯಾರೂ ಮುಖ ಮುಖ ನೋಡುವುದಿಲ್ಲ, ಇದು ಗೋವಾಕ್ಕಿಂತ ಒಂದು ಲಾಭ.

ರಜೆಯ ದಿನಗಳಲ್ಲಿ ಚೆನ್ನೈ, ಬೆಂಗಳೂರು ಎರಡೂ ಕಡೆಯಿಂದ ಜನ ನುಗ್ಗುತ್ತಾರೆ, ರೇಟೂ ಏರುತ್ತದೆ. ಮಕ್ಕಳ ಸ್ಕೂಲಿಗೆ ಎರಡು ದಿನ ಚಕ್ಕರ್ ಹೊಡೆಸಿ ವಾರದ ಮಧ್ಯೆ ಹೋಗೋಕೆ ಆಗುತ್ತಾ ನೋಡಿ.

ಪೂಲ್‌ಗೆ ಬಟ್ಟೆ ಮರೆಯಬೇಡಿ. ನಮ್ಮಮ್ಮ ಹತ್ತಿ ಚೂಡಿದಾರ್‌ನಲ್ಲಿ ಇಳಿಯೋಕೆ ಹೋದಾಗ ಅಲ್ಲಿನ ಹುಡುಗ ಓಡಿ ಬಂದು ‘ನೈಲಾನ್ ಮಾತ್ರ ಮೇಡಂ’ ಅಂದ. ಪಾಪ, ಅಂಚಿನಲ್ಲಿ ಕೂತು ನೀರಲ್ಲಿ ಕಾಲಾಡಿಸಿ ಎದ್ದು ಬಂದರು. ಮೈ ಪೂರ್ತಿ ಮುಚ್ಚುವ ಈಜುಡುಗೆ ಇಲ್ಲಿ ಡೆಕಾಥ್ಲಾನ್‌ನಲ್ಲೇ ಸಿಗುತ್ತದೆ.

ಇನ್ನೊಂದು ಮಾತು, ಸುತ್ತೋ ಕಾರ್ಯಕ್ರಮ ಜಾಸ್ತಿ ಹಾಕಬೇಡಿ. ದಿನವಿಡೀ ಊರು ಸುತ್ತಿ ರಾತ್ರಿ ಮಲಗೋಕೆ ಮಾತ್ರ ಬರೋದಾದರೆ ಮೂರು ಸಾವಿರದ ಲಾಡ್ಜ್ ಸಾಕು, ಅಲ್ವಾ? ಒಂದು ಬೆಳಗ್ಗೆ ಬಿಸಿಲೇರುವ ಮುಂಚೆ ಮಾಮಲ್ಲಪುರದ ಕಡಲ ತೀರದ ದೇವಸ್ಥಾನ, ಪಂಚರಥ ನೋಡಿ ಬನ್ನಿ. ನಮ್ಮ ಇಮ್ಮಡಿ ಪುಲಕೇಶಿಯನ್ನು ಸೋಲಿಸಿ ಬಾದಾಮಿ ಹಿಡಿದ ಪಲ್ಲವ ನರಸಿಂಹವರ್ಮನ ಊರು ಅದು. ಆ ಕೋಪ ಇಟ್ಟುಕೊಂಡೇ ನೋಡಿದರೂ ಕಲ್ಲಿನ ಕೆಲಸ ಬೆರಗು ಹುಟ್ಟಿಸುತ್ತದೆ.

ದಾರಿ ಸುಮಾರು 350 ಕಿ.ಮೀ. ಹೊಸೂರು, ಕೃಷ್ಣಗಿರಿ, ವೆಲ್ಲೂರು, ಕಾಂಚೀಪುರ, ಅಲ್ಲಿಂದ ಚೆಂಗಲ್‌ಪಟ್ಟು ಮೇಲೆ ಮಾಮಲ್ಲಪುರ. ಚೆನ್ನೈ ಒಳಗೆ ಹೋಗುವ ಗೋಜೇ ಇಲ್ಲ. ಬೆಳಗ್ಗೆ ಐದೂವರೆಗೆ ಎಲೆಕ್ಟ್ರಾನಿಕ್ ಸಿಟಿ ದಾಟಿಬಿಟ್ಟರೆ ಒಳ್ಳೇದು, ಅತ್ತಿಬೆಲೆ ಟೋಲ್‌ನಲ್ಲಿ ಕಾಯೋದು ತಪ್ಪುತ್ತದೆ. ರಾತ್ರಿಯೆಲ್ಲ ಓಡಿಸಿಕೊಂಡು ಹೋಗಬೇಡಿ. ಇಂಥ ಕಡೆ ರೂಮು ಕೊಡೋದೇ ಮಧ್ಯಾಹ್ನ ಎರಡೋ ಮೂರೋ ಗಂಟೆಗೆ, ಅಲ್ಲಿವರೆಗೆ ಹಿರಿಯರು ಲಾಬಿ ಸೋಫಾದಲ್ಲಿ ತೂಕಡಿಸಬೇಕಾಗುತ್ತದೆ. ಹೋಗುವಾಗ ಕಾಂಚೀಪುರದಲ್ಲಿ ಮಾತ್ರ ನಿಲ್ಲಿಸಬೇಡಿ. ಅಮ್ಮ, ಹೆಂಡತಿ ಇಬ್ಬರೂ ಸೀರೆ ಅಂಗಡಿ ಹೊಕ್ಕರೆ ಮೊದಲ ದಿನದ ಪೂಲ್ ಹೋದ ಹಾಗೇ. ಅದನ್ನು ವಾಪಸ್ ಬರುವ ದಿನಕ್ಕೆ ಇಟ್ಟುಕೊಳ್ಳಿ.